ನಮ್ಮ ಮರಕ್ಕೆ ಬರಬೇಕಾಗಿದ್ದ ಕರಡಿ

ಕಾಡುಪ್ರಾಣಿಗಳ ವಿಷಯದಲ್ಲಿ ಇನ್ನು ಮುಂದೆ ಯಾರ ಎದುರಿಗೂ ತಲೆ ತಗ್ಗಿಸುವುದಿಲ್ಲ, ವಾದಕ್ಕೆ ಬಂದವರನ್ನು ಬರಿಗೈಯಲ್ಲಿ ವಾಪಸ್ ಕಳಿಸುತ್ತೇನೆ ಎಂದು ಕಳೆದ ನವೆಂಬರಿನ ಒಂದು ಮಂಗಳವಾರ, ಬೆಳಗಿನ ಆರೂವರೆಗೆ, ನಾನು ಘೋರ ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ಮಾಡುವ ಹೊತ್ತಿಗೆ ನಾನು ರಸ್ತೆಯ ಮೇಲೆ ಸತ್ತು ಬಿದ್ದಿದ್ದೆ!

ಗಾಬರಿಯಾಗಬೇಡಿ. ಸತ್ತಂತೆ ಬಿದ್ದಿದ್ದೆ, ಅಷ್ಟೇ. ಮಂಗಳವಾರ ನಮ್ಮ ಬೀದಿಯಲ್ಲಿ ಸುಡಬಹುದಾದ ಕಸ ಒಯ್ಯುವ ದಿನ. ಚೀಲ ಹಿಡಿದು ಮಂಜಿನಲ್ಲಿ ಹೋಗುತ್ತಿದ್ದೆ. ಪಕ್ಕದ ಮನೆಯ ಬೇಲಿಯ ಸಂದಿಯಲ್ಲಿ ಕರ್ರಗೆ, ದುಂಡಗೆ, ನನ್ನ ಸೊಂಟದೆತ್ತರಕ್ಕೆ ಒಂದು ಕರಡಿ ಕುಕ್ಕರುಗಾಲಲ್ಲಿ ಕೂತಿತ್ತು. ಈ ವರ್ಷ ನಮ್ಮ ಅಕಿತಾ ಸೀಮೆಯ ಬೆಟ್ಟಗಳಲ್ಲಿ ಕಾಡುಕಾಯಿ ಬಿಟ್ಟಿಲ್ಲ, ಕರಡಿಗಳು ಊರಿಗೆ ಇಳಿಯುತ್ತಿವೆ ಎಂದು ಊರ ಧ್ವನಿವರ್ಧಕ ದಿನಕ್ಕೆರಡು ಸಲ ಕೂಗುತ್ತಿದ್ದ ಕಾಲ ಅದು. ಕಾಲು ಓಡು ಎಂದಿತು, ಮಂಡಿ ಆಗಲ್ಲ ಎಂದಿತು. ನಾನು ಅಲ್ಲೇ ಮಲಗಿಬಿಟ್ಟೆ. ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು ನಾನು. ಸಾಯುವಾಗಲೂ ಮಂಡಿ ಜೋಡಿಸಿ, ಲಂಗ ಸರಿಮಾಡಿಕೊಂಡು, ಕೈ ಎದೆಯ ಮೇಲಿಟ್ಟು ಅಚ್ಚುಕಟ್ಟಾಗಿ ಸತ್ತೆ.

ಐದು ನಿಮಿಷ. ಕರಡಿ ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಕೊನೆಗೆ ಬೇಲಿಯ ಬಾಗಿಲು ತೆರೆದು ಪಕ್ಕದ ಮನೆಯ ಫುಸಾಯೋ ಹೊರಗೆ ಬಂದಳು. ಕೈಯಲ್ಲಿ ಮೂಲಂಗಿ ಸಿಪ್ಪೆಯ ಬೋಗುಣಿ. ನೇರವಾಗಿ ಹೋಗಿ ಕರಡಿಯ ತಲೆ ಎತ್ತಿ, ಸಿಪ್ಪೆಯನ್ನು ಅದರ ಹೊಟ್ಟೆಗೆ ಸುರಿದು, ತಲೆಯನ್ನು ಮತ್ತೆ ಮುಚ್ಚಿದಳು!

ಗೊಬ್ಬರದ ಡಬ್ಬ. ಅಡುಗೆಮನೆಯ ಕಸ ಹಾಕಿ ಗೊಬ್ಬರ ಮಾಡುವ ಕಪ್ಪು ಪ್ಲಾಸ್ಟಿಕ್ ಡಬ್ಬ.

"ಕಿನುಯೆ ಸಾನ್?" ಎಂದಳು ಫುಸಾಯೋ, ನನ್ನ ಮೇಲೆ ಬಾಗಿ. "ಏನಾಯ್ತು?"

"ಬೆನ್ನು," ಎಂದೆ. "ವ್ಯಾಯಾಮ."

"ರಸ್ತೇಲಿ?"

"ಗಟ್ಟಿ ನೆಲ ಒಳ್ಳೇದಂತೆ."

ಕಸದ ಚೀಲದ ಮೇಲೆ ಮನೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಬೇಕೆಂಬುದು ನಮ್ಮೂರ ಕಾನೂನು. ನನ್ನ ತಲೆಯ ಪಕ್ಕದಲ್ಲೇ 'ನಾರಿತಾ' ಎಂದು ಬರೆದ ಚೀಲ ಕೂತಿತ್ತು. ಹೆಣದ ಪಕ್ಕದಲ್ಲೇ ಗುರುತಿನ ಚೀಟಿ! ಆಮೇಲೆ ಹಾದುಹೋದ ಹಾಲಿನವನು, ಪೇಪರಿನವನು, ನಾಯಿ ತಿರುಗಿಸುವ ದಂಪತಿ, ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾರಿತಾ ಮನೆಯ ನಾರಿ ಗೊಬ್ಬರದ ಡಬ್ಬಕ್ಕೆ ಸಾಷ್ಟಾಂಗ ಹಾಕಿದ ಸುದ್ದಿ ಅಂಚೆ ಕಚೇರಿಯನ್ನು ದಾಟಿ ಸೇತುವೆಯ ಆಚೆಗೂ ತಲುಪಿತ್ತು.

ಮಾನ ಹೋದ ಮೇಲೆ ಉಳಿಯುವುದು ವಾದ. ನಾನು ಲೆಕ್ಕ ಹಾಕಿದೆ: ಇಲಿಗೆ ಹೆದರಿದರೆ ಅವಮಾನ, ಚಕ್ರವರ್ತಿಗೆ ಅಡ್ಡಬಿದ್ದರೆ ಅದು ಸಂಸ್ಕಾರ. ಆದ್ದರಿಂದ ಕರಡಿಯೇ ಸಕಲ ಪ್ರಾಣಿಗಳ ಚಕ್ರವರ್ತಿ ಎಂದು ಸಾಬೀತಾದರೆ, ಅದರ ಹೋಲಿಕೆಯ ಡಬ್ಬಕ್ಕೂ ಒಂದು ಮರ್ಯಾದೆ, ನನಗೂ ಒಂದು ಮರ್ಯಾದೆ!

ಬುಧವಾರ ಸಂಜೆ ಊರವರೆಲ್ಲ ಬಿಸಿನೀರ ಬುಗ್ಗೆಯ ಸ್ನಾನದ ಮನೆಗೆ ಹೋಗುವುದು ರೂಢಿ. ಗಂಡಸರ ಕೊಳ ಒಂದು ಕಡೆ, ಹೆಂಗಸರ ಕೊಳ ಒಂದು ಕಡೆ, ನಡುವೆ ಮರದ ಗೋಡೆ. ಗೋಡೆ ಸೂರಿನ ತನಕ ಹೋಗುವುದಿಲ್ಲ. ಆದ್ದರಿಂದ ನಮ್ಮೂರಿನಲ್ಲಿ ಗಂಡಹೆಂಡಿರ ಜಗಳಗಳೆಲ್ಲ ಸಾರ್ವಜನಿಕ, ಮತ್ತು ಬಲು ಸ್ವಚ್ಛ.

ನಾನು ಕುತ್ತಿಗೆಯ ತನಕ ನೀರಿನಲ್ಲಿ ಕೂತು ಪೀಠಿಕೆ ಹಾಕಿದೆ. "ಕರಡಿಗಿಂತ ಗಟ್ಟಿ ಪ್ರಾಣಿ ಈ ಭೂಮಿ ಮೇಲೆ ಇಲ್ಲ. ಓಡೋದ್ರಲ್ಲಿ ಕಾರಿಗೆ ಸಮ, ಹತ್ತೋದ್ರಲ್ಲಿ ಕೋತಿಗೆ ಸಮ, ಈಜೋದ್ರಲ್ಲಿ ಮೀನಿಗೆ ಸಮ. ಕೈ ಹಾಕಿ ಬಾಗಿಲು ತೆಗೆಯುತ್ತಂತೆ, ಗೊತ್ತಾ? ನೆಂಟರ ಥರ ಒಳಗೆ ಬಂದು ಫ್ರಿಜ್ ತೆಗೆಯುತ್ತಂತೆ!"

"ನೆಂಟರೇನೂ ಅದಕ್ಕಿಂತ ವಾಸಿ ಅಲ್ಲ," ಎಂದಳು ಫುಸಾಯೋ. ಮಡಿಸಿದ ಟವೆಲನ್ನು ತಲೆಯ ಮೇಲೆ ಕಿರೀಟದ ಹಾಗೆ ಇಟ್ಟುಕೊಂಡಿದ್ದಳು. ಆಕೆ ನಮ್ಮ ಬೀದಿ ಸಂಘದ ಅಧ್ಯಕ್ಷೆ. ನೀರಿನಲ್ಲಿ ಕೂತಾಗಲೂ ಸಭೆ ನಡೆಸುವವಳ ಗತ್ತು. "ಆದ್ರೂ ನನ್ನ ಓಟು ಕಡಜಕ್ಕೆ. ಕರಡಿ ಎದುರಿಗೆ ಬಂದ್ರೆ ಗಂಟೆ ಅಲ್ಲಾಡಿಸಿದ್ರೆ ಹೋಗತ್ತೆ. ಕಡಜದ ಗೂಡಿನ ಮುಂದೆ ಒಂದ್ಸಲ ಗಂಟೆ ಅಲ್ಲಾಡಿಸಿ ನೋಡಿ!"

"ಕಡಜ ಕಡಿದ್ರೆ ಬಾವು, ಕರಡಿ ಕಡಿದ್ರೆ ಸಾವು!" ಎಂದೆ. ನನ್ನ ಪ್ರಾಸವನ್ನು ನಾನೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಗೋಡೆಯ ಆಚೆಯಿಂದ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಒಂದು ಧ್ವನಿ ಬಂತು. "ಎರಡೂ ಅಲ್ಲ! ಕಾಡುಹಂದಿ!"

ನನ್ನ ಯಜಮಾನರು, ತಾಮೋತ್ಸು.

"ರೀ! ನೀವು ಗಂಡಸರ ಕಡೆ ಸ್ನಾನ ಮಾಡಿ, ಹೆಂಗಸರ ಕಡೆ ಮಾತಾಡಬೇಡಿ!"

"ಗೋಡೆ ಗಿಡ್ಡ ಕಟ್ಟಿದಾರೆ, ನಾನೇನ್ ಮಾಡ್ಲಿ? ಕೇಳಿಲ್ಲಿ. ಮೂವತ್ತಾರು ವರ್ಷ ರೈಲು ಓಡಿಸಿದೀನಿ. ಒಂದ್ಸಲ ಹಂದಿ ಬಂದು ನನ್ನ ರೈಲಿಗೆ ಡಿಕ್ಕಿ ಹೊಡೀತು. ನಾನು ಅದಕ್ಕೆ ಹೊಡೆದಿದ್ದಲ್ಲ, ಅದು ನಂಗೆ ಹೊಡೆದಿದ್ದು! ರೈಲು ಸರಿಮಾಡೋಕೆ ಎರಡು ಗಂಟೆ ಹಿಡೀತು. ಹಂದಿ ಎರಡು ನಿಮಿಷ ಮಲಗಿತ್ತು, ಎದ್ದು, ಮೈ ಕೊಡವಿಕೊಂಡು ಹೋಯ್ತು. ಹಂದಿ ಯಾರಿಗೂ ಹಿಂದಿಲ್ಲ!"

ಗಂಡಸರ ಕಡೆಯಿಂದ ಚಪ್ಪಾಳೆ. ನೀರಿನಲ್ಲಿ ಹೊಡೆದ ಚಪ್ಪಾಳೆ, ದುಪ್ಪಟ್ಟು ಸದ್ದು.

"ಅದು ಒಂದೇ ಡಬ್ಬಿಯ ರೈಲು! ನಾನು ಒರಗಿದ್ರೂ ನಿಲ್ಲುತ್ತೆ!" ಎಂದು ಕೂಗಿದೆ.

"ನೀನು ಒರಗಿದ್ರೆ ನಿಂತೀತು," ಎಂದರು ಯಜಮಾನರು. ಈ ಸಲ ಎರಡೂ ಕಡೆಯಿಂದ ಚಪ್ಪಾಳೆ!

ಫುಸಾಯೋ ಸಮಯ ನೋಡಿ ಚುಚ್ಚಿದಳು. "ಅಲ್ಲಾ ಕಿನುಯೆ ಸಾನ್, ನಿಮ್ಮ ಕರಡಿ ಅಷ್ಟೊಂದು ಶೂರ ಆಗಿದ್ರೆ ಒಂದು ಸಲನಾದ್ರೂ ನಮ್ಮ ಬೀದಿಗೆ ಬರಬೇಕಿತ್ತಲ್ಲ? ಇಲ್ಲಿ ತನಕ ಬಂದಿರೋದು ನನ್ನ ಗೊಬ್ಬರದ ಡಬ್ಬ ಒಂದೇ."

ಹೆಂಗಸರೆಲ್ಲ ಕಿಸಕ್ಕೆಂದರು. ನನಗೆ ನೀರಿಗಿಂತ ಬಿಸಿಯಾಯಿತು. ಎದ್ದು ನಿಂತೆ. ನಿಲ್ಲಬಾರದಿತ್ತು, ಆದರೆ ನಿಂತೆ. "ಬರುತ್ತೆ! ಬಂದೇ ಬರುತ್ತೆ! ನಮ್ಮನೆ ಕಾಕಿ ಮರಕ್ಕೆ ಬರುತ್ತೆ! ನಮ್ಮಮ್ಮ ನೆಟ್ಟ ಮರ ಅದು. ಅದರ ಹಣ್ಣಿನ ವಾಸನೆ ಮೂರು ಬೆಟ್ಟದ ಆಚೆಗೆ ಹೊಡೆಯುತ್ತೆ. ಈ ವಾರದೊಳಗೆ ಕರಡಿ ನಮ್ಮ ಮರ ಹತ್ತಿಲ್ಲ ಅಂದ್ರೆ ನನ್ನ ಹೆಸರು ಕಿನುಯೆ ಅಲ್ಲ!"

ಗೋಡೆಯ ಎರಡೂ ಕಡೆ ಮೌನ. ಗೆದ್ದೆ ಎಂದುಕೊಂಡೆ. ಈ ಮೌನದಲ್ಲಿ ಒಬ್ಬಳು ಅಧ್ಯಕ್ಷೆ ಯೋಚನೆ ಮಾಡುತ್ತಿದ್ದಾಳೆ ಎಂಬುದು ನನಗೆ ಹೊಳೆಯಲಿಲ್ಲ.

ಕಾಕಿ ಎಂದರೆ ಟೊಮೆಟೊ ಹಾಗೆ ದುಂಡಗೆ, ಕಿತ್ತಳೆ ಬಣ್ಣದ ಹಣ್ಣು. ಹೆಸರು ಕಾಕಿಯಾದರೂ ಕಾಕಗಳಿಗಿಂತ ಕರಡಿಗಳಿಗೇ ಅದರ ಮೇಲೆ ಹೆಚ್ಚು ಪ್ರೀತಿ. ನಮ್ಮದು ಒಗರು ಜಾತಿ. ಸಿಪ್ಪೆ ತೆಗೆದು, ದಾರಕ್ಕೆ ಕಟ್ಟಿ ಸೂರಿನಡಿ ಒಂದು ತಿಂಗಳು ಒಣಗಿಸಿದರೆ ಸಿಹಿ. ನಾನು ಹುಟ್ಟಿದ ವರ್ಷ ಅಮ್ಮ ಆ ಮರ ನೆಟ್ಟಳು. ಒಬ್ಬಳೇ ಮಗಳೆಂದು ತಾಮೋತ್ಸುವನ್ನು ಮನೆಯಳಿಯನಾಗಿ ತಂದಾಗ, ಮದುವೆಯ ದಿನ ಅವರನ್ನು ಮೊದಲು ಎದುರು ನಿಲ್ಲಿಸಿ ಪರಿಚಯ ಮಾಡಿಸಿದ್ದೂ ಆ ಮರಕ್ಕೇ. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಈಗ ನನ್ನ ಜೊತೆಗೆ ಹುಟ್ಟಿದವರೆಂದು ಉಳಿದಿರುವುದು ಅದೊಂದೇ. ನನ್ನ ಹಾಗೆಯೇ ಸೊಂಟ ದಪ್ಪಗಾಗಿದೆ, ನನ್ನ ಹಾಗೆಯೇ ಸ್ವಲ್ಪ ವಾಲಿದೆ.

ಗುರುವಾರ ಬೆಳಿಗ್ಗೆ ಸುತ್ತೋಲೆಯ ಹಲಗೆ ಬಂತು. ಊರಾಡಳಿತದ ಕಾಗದಗಳನ್ನು ಒಂದು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುವುದು ನಮ್ಮಲ್ಲಿ ಪದ್ಧತಿ. ಪ್ರತಿ ಮನೆಯವರೂ ತಮ್ಮ ಮುದ್ರೆ ಒತ್ತಿ ಪಕ್ಕದವರಿಗೆ ಕೊಡಬೇಕು. ಓದಬೇಕು ಎಂದು ಯಾರೂ ಹೇಳಿಲ್ಲ. ಓದದೆ ಮುದ್ರೆ ಒತ್ತುವುದು ನಮ್ಮ ಬೀದಿಯ ಪರಂಪರಾಗತ ಕಲೆ. ನಾನು ಅದರಲ್ಲಿ ಪ್ರವೀಣೆ. ಒಂದು ಕೈಯಲ್ಲಿ ಸಾರು ಕದಡುತ್ತ, ಇನ್ನೊಂದು ಕೈಯಲ್ಲಿ ಮುದ್ರೆಯನ್ನು ಠಪ್ಪನೆ ಒತ್ತಿದೆ.

ನನ್ನ ಯಜಮಾನರಿಗೆ ಒಂದು ದುರಭ್ಯಾಸವಿದೆ. ಓದುತ್ತಾರೆ.

"ಕಿನುಯೆ," ಎಂದರು ಕನ್ನಡಕ ಮೇಲೆತ್ತಿ, "ಇದರಲ್ಲಿ ಭಾನುವಾರ ಒಂಬತ್ತು ಗಂಟೆಗೆ ಒಂದು ಮರ ಕಡೀತಾರೆ ಅಂತಿದೆ."

"ಕಡೀಲಿ ಬಿಡಿ. ಯಾವ ಮರ?"

"ನಮ್ಮದು."

ಸಾರು ಉಕ್ಕಿತು. ಓದಿದೆ. ಜೀವನದಲ್ಲಿ ಮೊದಲ ಸಲ ಸುತ್ತೋಲೆ ಓದಿದೆ! 'ಕರಡಿಗಳನ್ನು ಆಕರ್ಷಿಸುವ ಸಂಭವವಿರುವ ಹಣ್ಣಿನ ಮರಗಳನ್ನು ತೆಗೆಯಲಾಗುವುದು. ನಮ್ಮ ಬೀದಿಯ ಪಟ್ಟಿ: ಒಂದು, ನಾರಿತಾ ಅವರ ಕಾಕಿ ಮರ. ಆಧಾರ: ಕರಡಿ ಬಂದೇ ಬರುತ್ತದೆ ಎಂದು ಮಾಲೀಕರೇ ಸಾರ್ವಜನಿಕವಾಗಿ ಹೇಳಿರುತ್ತಾರೆ. ಮುದ್ರೆ ಒತ್ತಿದರೆ ಒಪ್ಪಿಗೆ ಎಂದು ಭಾವಿಸಲಾಗುವುದು.' ಕೆಳಗೆ, ಕೆಂಪಗೆ, ಇನ್ನೂ ಹಸಿಯಾಗಿ, ನನ್ನ ಮುದ್ರೆ.

ಸಾರಿನ ಸೌಟು ಹಿಡಿದುಕೊಂಡೇ ಫುಸಾಯೋ ಮನೆಗೆ ಓಡಿದೆ.

"ಫುಸಾಯೋ ಸಾನ್! ಸ್ನಾನದ ಮನೇಲಿ ಆಡಿದ ಮಾತನ್ನ ಯಾರಾದ್ರೂ ಕಾಗದದ ಮೇಲೆ ಹಾಕ್ತಾರಾ? ಅದು ಬೆತ್ತಲೆ ಮಾತು!"

"ನಿಂತುಕೊಂಡು ಹೇಳಿದ್ರಲ್ಲ," ಎಂದಳು. ಆದರೆ ಅವಳ ಮುಖವೂ ಸಪ್ಪಗಿತ್ತು. "ನಾನೇನ್ ಮಾಡ್ಲಿ ಹೇಳಿ. ದಿನಾ ನಾಲ್ಕು ಗಂಟೆಗೆ ಶಾಲೆ ಮಕ್ಕಳು ನಿಮ್ಮ ಬೇಲಿ ಪಕ್ಕಾನೇ ಹಾದು ಹೋಗ್ತಾವೆ. ನೀವು ಬರುತ್ತೆ ಅಂದ ಮೇಲೆ ನಾನು ಸುಮ್ಮನಿದ್ದು, ನಿಜವಾಗ್ಲೂ ಬಂದುಬಿಟ್ರೆ?"

ನನ್ನ ವಾದವೇ ನನಗೆ ತಿರುಗಿ ಡಿಕ್ಕಿ ಹೊಡೆದಿತ್ತು, ಯಜಮಾನರ ಹಂದಿಯ ಹಾಗೆ. ಫುಸಾಯೋ ಊರಾಡಳಿತದ ಅಸಾರಿಯವರಿಗೆ ಫೋನ್ ಮಾಡಿದಳು. ಅಸಾರಿಯವರು ನಿಯಮದ ಪುಸ್ತಕವನ್ನೇ ನುಂಗಿ ಬೆಳೆದ ಮನುಷ್ಯ. ಅವರ ತೀರ್ಪು ಹೀಗಿತ್ತು: ಭಾನುವಾರ ತಪಾಸಣೆ. ಮರದಲ್ಲಿ ಒಂದೇ ಒಂದು ಹಣ್ಣು ಇರಬಾರದು, ಕರಡಿ ಬಂದ ಒಂದೇ ಒಂದು ಗುರುತು ಇರಬಾರದು. ಎರಡೂ ಇಲ್ಲದಿದ್ದರೆ ಮರ ಉಳಿಯುತ್ತದೆ. ಗುರುತು ನೋಡಲು ಬೇಟೆಗಾರ ಶಿಕಾಜೋ ಅಜ್ಜನನ್ನು ಕರೆತರುತ್ತಾರೆ. ಅರವತ್ತು ವರ್ಷ ಬೆಟ್ಟ ಸುತ್ತಿದ ಮನುಷ್ಯ. ಹೆಸರೇ ಶಿಕಾಜೋ, ಕಸುಬು ಶಿಕಾರಿ!

ಶನಿವಾರ ಇಡೀ ದಿನ ನಾನೂ ಯಜಮಾನರೂ ತುದಿ ಸೀಳಿದ ಬಿದಿರ ಗಳು ಹಿಡಿದು ಹಣ್ಣು ಬಿಡಿಸಿದೆವು. ಮುನ್ನೂರ ಹನ್ನೆರಡು. ಕುತ್ತಿಗೆ ಹಿಂದಕ್ಕೆ ಬಾಗಿ ಬಾಗಿ, ಸಂಜೆ ಊಟಕ್ಕೆ ಕೂತಾಗ ಇಬ್ಬರೂ ಛಾವಣಿ ನೋಡಿಕೊಂಡೇ ಅನ್ನ ತಿಂದೆವು. ಮರದ ನೆತ್ತಿಯಲ್ಲಿ, ಆಕಾಶಕ್ಕೆ ಇಟ್ಟ ಬೊಟ್ಟಿನ ಹಾಗೆ, ಒಂದು ಹಣ್ಣು ಉಳಿಯಿತು.

"ಅದು?" ಎಂದರು ಯಜಮಾನರು.

"ಅದು ಮರ ಕಾಯೋ ಹಣ್ಣು."

ತುದಿಯ ಒಂದು ಹಣ್ಣನ್ನು ಮರಕ್ಕೇ ಬಿಡಬೇಕು. ಅದು ಮರವನ್ನು ಕಾದು ಮುಂದಿನ ವರ್ಷದ ಹಣ್ಣನ್ನು ಕರೆಯುತ್ತದೆ. ಅಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ.

"ಕಿನುಯೆ, ಒಂದೇ ಒಂದು ಹಣ್ಣು ಇರಬಾರದು ಅಂದಿದಾರೆ."

"ದೇವರ ಪಾಲನ್ನ ಲೆಕ್ಕಕ್ಕೆ ತಗೋಬಾರದು."

"ಅಸಾರಿ ತಗೋತಾರೆ."

"ಅಮ್ಮನ ಮಾತು ಮುರಿದು ಮರ ಉಳಿಸಿಕೊಂಡ್ರೆ ಉಳಿಯೋದು ಮರ ಅಲ್ಲ ಕಣ್ರೀ, ಸೌದೆ."

ಇಷ್ಟು ಚೆನ್ನಾದ ಮಾತು ನನ್ನ ಬಾಯಿಂದ ಮತ್ತೆ ಬರುವುದಿಲ್ಲವೆಂದು ನನಗೇ ಗೊತ್ತಿತ್ತು. ಆದ್ದರಿಂದ ತಕ್ಷಣ ಹೋಗಿ ಮಲಗಿಬಿಟ್ಟೆ. ಯಜಮಾನರು ಮೂವತ್ತಾರು ವರ್ಷ ರೈಲು ಓಡಿಸಿದವರು. ಸಿಗ್ನಲ್ ಕೆಂಪಿದ್ದಾಗ ಸುಮ್ಮನೆ ನಿಲ್ಲುವುದು ಗೊತ್ತು. ಹಸಿರಾಗುವ ತನಕ ಯೋಚಿಸುತ್ತಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಭಾನುವಾರ ಏಳು ಗಂಟೆಗೆ ಮರಕ್ಕೆ ಸುಪ್ರಭಾತ ಹೇಳಲು ಹೋದೆ. ಕಾಂಡದ ಮೇಲೆ ಉದ್ದುದ್ದಕ್ಕೆ ಗೀರುಗಳು! ಹೊಸ ಗೀರುಗಳು! ತೊಗಟೆ ಕಿತ್ತು ಒಳಗಿನ ಬಿಳುಪು ಕಾಣುವಂತೆ, ನನ್ನ ಮಂಡಿಯ ಎತ್ತರದಿಂದ ತಲೆಯ ಮೇಲಿನವರೆಗೆ, ನಾಲ್ಕು ನಾಲ್ಕು ಗೆರೆ.

ಬಂದಿತ್ತು! ನಾನು ಬರುತ್ತೆ ಎಂದಿದ್ದ ಕರಡಿ ವಾರದೊಳಗೇ ಬಂದಿತ್ತು! ವಾದ ಗೆದ್ದೆ, ಮರ ಸೋತೆ!

"ರೀ! ಕರಡಿ!" ಎಂದು ಕಿರುಚಿದೆ.

ಯಜಮಾನರು ಹಲ್ಲುಜ್ಜುತ್ತ ಕಿಟಕಿಯಲ್ಲಿ ಕಾಣಿಸಿಕೊಂಡರು. ಗೀರುಗಳನ್ನು ನೋಡಿದರು. ಬಾಯಿ ತುಂಬ ನೊರೆ. "ಹ್ಞಾ," ಎಂದು ಒಳಗೆ ಹೋದರು. ಪಾಪ, ಭಯಕ್ಕೆ ಮಾತೇ ಹೊರಡಲಿಲ್ಲ ಎಂದುಕೊಂಡೆ.

ಎರಡು ಗಂಟೆ ಸಮಯವಿತ್ತು. ಚಳಿಗಾಲಕ್ಕೆ ಮರಗಳ ಕಾಂಡಕ್ಕೆ ಹುಲ್ಲಿನ ಚಾಪೆ ಸುತ್ತುವುದು ಊರ ವಾಡಿಕೆ. ಸುತ್ತುವುದು ಒಂದು ಮೊಳ. ನಾನು ಕೊಟ್ಟಿಗೆಯಲ್ಲಿದ್ದ ಐದೂ ಚಾಪೆ ತಂದು, ಸ್ಟೂಲು ಹತ್ತಿ, ಬುಡದಿಂದ ಕೈಗೆ ಎಟುಕುವ ತನಕ ಸುತ್ತಿ, ಹಗ್ಗ ಬಿಗಿದೆ. ಮರ ಥೇಟ್ ಆಸ್ಪತ್ರೆಯಿಂದ ಬಂದವರ ಹಾಗೆ ಕಾಣುತ್ತಿತ್ತು.

ಒಂಬತ್ತಕ್ಕೆ ಸರಿಯಾಗಿ ಅಸಾರಿಯವರು ನಮೂನೆಯ ಹಾಳೆ ಹಿಡಿದು ಬಂದರು. ಹಿಂದೆ ಮೋಟಾರು ಗರಗಸದವನು. ಅವನ ಹಿಂದೆ ಶಿಕಾಜೋ ಅಜ್ಜ, ಎಂಬತ್ತನಾಲ್ಕು ವರ್ಷ, ಒಣಗಿದ ಶುಂಠಿಯ ಹಾಗೆ ಪುಟ್ಟ ಮನುಷ್ಯ. ಅವರೆಲ್ಲರ ಹಿಂದೆ ಬೀದಿಗೆ ಬೀದಿಯೇ! ಬುಧವಾರದ ವಾದದ ತೀರ್ಪು ಇವತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಕರಡಿ ಪಕ್ಷದವರು ಒಂದು ಕಡೆ, ಹಂದಿ ಪಕ್ಷದವರು ಒಂದು ಕಡೆ, ಕಡಜ ಪಕ್ಷ ಫುಸಾಯೋ ಮನೆಯ ಜಗಲಿಯ ಮೇಲೆ, ಟೀ ಕುಡಿಯುತ್ತ.

"ನಿನ್ನೆ ಈ ಚಾಪೆ ಇರಲಿಲ್ಲ," ಎಂದಳು ಫುಸಾಯೋ.

"ಚಳಿಗಾಲ ಬಂತಲ್ಲ," ಎಂದೆ. ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಚಳಿಗಾಲ ಬಂದಿದ್ದು ಸುಳ್ಳಲ್ಲ.

ಮಾತು ನಿಲ್ಲಿಸಿದರೆ ಚಾಪೆ ಬಿಚ್ಚುತ್ತಾರೆಂದು ಭಾಷಣಕ್ಕೆ ಇಳಿದೆ. "ಅಸಾರಿ ಸಾನ್, ಈ ಕರಡಿ ಅನ್ನೋದು ಇದೆಯಲ್ಲ, ಭಾರಿ ಪುಕ್ಕಲು ಪ್ರಾಣಿ. ನೆರಳು ಕಂಡ್ರೆ ಓಡುತ್ತೆ. ಒಂದು ಗಂಟೆ ಸದ್ದಿಗೆ ಹೆದರೋ ಪ್ರಾಣಿನ ಪ್ರಾಣಿ ಅಂತೀರಾ? ಗಟ್ಟಿ ಪ್ರಾಣಿ ಅಂದ್ರೆ ಹಂದಿ! ರೈಲನ್ನೇ ನಿಲ್ಲಿಸುತ್ತೆ! ಹಂದಿ ಮರ ಹತ್ತಲ್ಲ. ಆದ್ದರಿಂದ ಮರಕ್ಕೇನೂ ಭಯ ಇಲ್ಲ!"

ಹಂದಿ ಪಕ್ಷ ಹುಯ್ಯೆಂದಿತು. ಕರಡಿ ಪಕ್ಷದವರು ನನ್ನನ್ನು ಪಕ್ಷಾಂತರಿ ಎಂಬಂತೆ ನೋಡಿದರು.

"ಬುಧವಾರ ಫ್ರಿಜ್ ತೆಗೆಯುತ್ತೆ ಅಂದ್ರಿ!" ಎಂದು ಫುಸಾಯೋ ಕೂಗಿದಳು.

"ಹೆದರಿಕೊಂಡೇ ತೆಗೆಯುತ್ತೆ!"

ನನ್ನ ಯಜಮಾನರು, ಹಂದಿ ಪಕ್ಷದ ಸ್ಥಾಪಕರು, ಈ ಮಹಾವಿಜಯದ ಹೊತ್ತಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಒರಗಿ ತಮ್ಮ ಬೂಟನ್ನೇ ನೋಡುತ್ತಿದ್ದರು.

ಶಿಕಾಜೋ ಅಜ್ಜ ಅಷ್ಟರಲ್ಲಿ ಹಗ್ಗ ಬಿಚ್ಚಿಯಾಗಿತ್ತು. ಐದು ಚಾಪೆಗಳೂ ಜಾರಿ ಬಿದ್ದವು. ನಾಲ್ಕು ನಾಲ್ಕು ಗೆರೆಗಳು ಬಿಸಿಲಿಗೆ ಹೊಳೆದವು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಫುಸಾಯೋ ಟೀ ಬಟ್ಟಲು ಕೆಳಗಿಟ್ಟಳು. ಗರಗಸದವನು ಗರಗಸದ ಹಗ್ಗ ಎಳೆಯಲು ಕೈ ಹಾಕಿದ.

ನಾನು ಹೋಗಿ ಮರ ತಬ್ಬಿಕೊಂಡೆ. ನನ್ನ ತೋಳು ಅರ್ಧವೂ ಸುತ್ತಲಿಲ್ಲ. ಅಮ್ಮ ನೆಟ್ಟಾಗ ಇದು ಕೈಬೆರಳಿನಷ್ಟಿತ್ತಂತೆ. ಹಾಸ್ಯ ಬರೆಯುವವಳು ಇಲ್ಲಿ ಏನಾದರೂ ಹಾಸ್ಯ ಮಾಡಬೇಕು. ಆಗಲಿಲ್ಲ.

"ತಡಿ," ಎಂದರು ಅಜ್ಜ. ಕಾಂಡಕ್ಕೆ ಮೂಗು ಹಚ್ಚಿ ಮೂಸಿದರು. ಗೀರಿನ ಮೇಲೆ ಬೆರಳಾಡಿಸಿದರು. ಕಣ್ಣು ಮುಚ್ಚಿದರು.

"ಗಂಡು," ಎಂದರು.

"ಅಯ್ಯಯ್ಯೋ!" ಎಂದರು ಜನ.

"ವಯಸ್ಸಾದ ಗಂಡು. ಒಂಟಿ. ಎಪ್ಪತ್ತು, ಎಪ್ಪತ್ತೆರಡು ಕಿಲೋ."

"ದೊಡ್ಡದೇ!" ಎಂದಳು ಫುಸಾಯೋ.

"ಬಲಗಾಲಿನ ಮಂಡಿ ಸರಿ ಇಲ್ಲ. ನೋಡು, ಎಡಗಾಲಿನ ಗೀರು ಆಳ, ಬಲಗಾಲಿಂದು ಬರೀ ಮೇಲ್ಮೇಲೆ."

"ಗಾಯಗೊಂಡ ಕರಡಿ ಇನ್ನೂ ಅಪಾಯ," ಎಂದು ಅಸಾರಿಯವರು ಬರೆದುಕೊಂಡರು.

"ಇಲ್ಲಿ ತನಕ ಹತ್ತಿದೆ," ಎಂದು ಅಜ್ಜ ಒಂದು ಕೊಂಬೆ ತೋರಿಸಿದರು. "ಇಲ್ಲಿ ಕೆಳಗೆ ನೋಡಿದೆ. ಹೆದರಿದೆ. ಹತ್ತು ನಿಮಿಷ ಮರ ತಬ್ಬಿಕೊಂಡು ಕೂತಿದೆ. ಆಮೇಲೆ ಹಿಂದೆ ಹಿಂದೆ ಇಳಿದಿದೆ. ಕೊನೇಲಿ ಜಾರಿ ಅಂಡಿನ ಮೇಲೆ ಬಿದ್ದಿದೆ."

ಕೆಳಗೆ ನೋಡಿದರೆ ಹೆದರುವ ಕರಡಿಯ ಬಗ್ಗೆ ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೆ ಕೆಳಗೆ ನೋಡಿದರೆ ಹೆದರುವ, ಬಲಮಂಡಿ ನೋಯುವ, ಎಪ್ಪತ್ತೆರಡು ಕಿಲೋ ತೂಗುವ ಒಂದು ಪ್ರಾಣಿಗೆ ಮೂವತ್ತು ವರ್ಷದಿಂದ ಅನ್ನ ಬಡಿಸುತ್ತಿದ್ದೇನೆ. ತಿರುಗಿ ನೋಡಿದೆ. ಆ ಪ್ರಾಣಿ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಪಕ್ಕಕ್ಕೆ ಭಾರ ಹಾಕಿ ನಿಂತಿತ್ತು. ಬೆಳಿಗ್ಗೆಯಿಂದ ಕೂತೇ ಇರಲಿಲ್ಲ!

"ಅಜ್ಜ," ಎಂದೆ, "ಇಷ್ಟೆಲ್ಲ ಗೀರು ನೋಡಿಯೇ ಗೊತ್ತಾಯ್ತಾ?"

"ಸ್ವಲ್ಪ ಗೀರು ನೋಡಿ. ಉಳಿದಿದ್ದು, ನಿನ್ನೆ ರಾತ್ರಿ ನಿನ್ನ ಗಂಡ ಬಂದು ನನ್ನ ಹಿಮದ ಮುಳ್ಳುಪಟ್ಟಿ ಎರವಲು ತಗೊಂಡು ಹೋದ. ಬೂಟಿಗೆ ಕಟ್ಟಿಕೊಳ್ಳೋದು. ಪ್ರತಿ ಪಟ್ಟಿಗೆ ನಾಲ್ಕು ಮುಳ್ಳು."

ಬೀದಿ ತಿರುಗಿ ಯಜಮಾನರನ್ನು ನೋಡಿತು.

"ಒಂದು ಹಣ್ಣಿಗೋಸ್ಕರ ಮರ ಹೋಗೋದು ಬೇಡ ಅಂತ," ಎಂದರು ಬೂಟಿಗೆ. "ನಿಂಗೂ ಹೇಳದೆ ನಾನೇ ಕಿತ್ತುಬಿಟ್ರೆ ಅಮ್ಮನ ಮಾತು ಮುರಿದೋನು ನಾನಾಗ್ತೀನಿ, ನೀನಲ್ಲ. ಎಷ್ಟಂದ್ರೂ ಮನೆಯಳಿಯ. ಬೈಸಿಕೊಂಡು ಅಭ್ಯಾಸ ಇದೆ."

ಬೈಯಲು ಬಾಯಿ ತೆರೆದೆ. "ಎಣ್ಣೆ ಹಚ್ಚಿಕೊಂಡ್ರಾ?" ಎಂದೆ.

"ಕೈ ಎಟುಕಲಿಲ್ಲ."

ಹಂದಿ ಪಕ್ಷ, ಕರಡಿ ಪಕ್ಷ, ಕಡಜ ಪಕ್ಷ, ಮೂರೂ ಒಂದಾಗಿ ನಕ್ಕವು. ಅಸಾರಿಯವರು ಮಾತ್ರ ನಗಲಿಲ್ಲ. ಪೆನ್ನಿನಿಂದ ಆಕಾಶ ತೋರಿಸಿದರು. "ಗುರುತಿನ ವಿಷಯ ಮುಗೀತು. ಹಣ್ಣಿನ ವಿಷಯ ಮುಗೀಲಿಲ್ಲ. ಒಂದು ಇದೆ. ಒಂದು ಇದ್ದರೂ ಕರಡಿ ಬರೋ ಸಂಭವ ಇದೆ ಅಂತಲೇ ಅರ್ಥ. ಕ್ಷಮಿಸಿ ನಾರಿತಾ ಸಾನ್."

ಗರಗಸ ಒಂದು ಸಲ ಗುರ್ ಎಂದು ನಿಂತಿತು.

"ಬರಲ್ಲ," ಎಂದರು ಶಿಕಾಜೋ ಅಜ್ಜ.

"ಏನಂದ್ರಿ?"

"ಈ ಮರಕ್ಕೆ ಕರಡಿ ಬರಲ್ಲ. ಒಂದಲ್ಲ, ಮುನ್ನೂರು ಹಣ್ಣಿದ್ರೂ ಬರಲ್ಲ. ನನ್ನ ಹೆಸರಲ್ಲೇ ಬರಕೊಳ್ಳಿ."

ನನ್ನ ಎದೆ ಉಬ್ಬಿತು. ಅರವತ್ತು ವರ್ಷದ ಅನುಭವ! ಬೇಟೆಗಾರರ ಬೇಟೆಗಾರ! "ಬರಕೊಳ್ಳಿ ಅಸಾರಿ ಸಾನ್, ಬರಕೊಳ್ಳಿ!"

ಅಸಾರಿಯವರು ನಮೂನೆ ತಿರುವಿದರು. "ವಿನಾಯಿತಿಗೆ ಅವಕಾಶ ಇದೆ. ಆದರೆ ಕಾರಣ ಅಂತ ಒಂದು ಅಂಕಣ ಇದೆ. ಅದನ್ನ ಖಾಲಿ ಬಿಡೋ ಹಾಗಿಲ್ಲ. ಮಾಲೀಕರು ಕಾರಣ ಒಪ್ಪಿ ಮುದ್ರೆ ಒತ್ತಬೇಕು."

"ಅಮ್ಮನ ಆಶೀರ್ವಾದ ಅಂತ ಹಾಕಿ," ಎಂದೆ. "ಇಲ್ಲಾ, ಮನೆಯವರ ಧೈರ್ಯ, ಸತತ ಕಾವಲು..."

"ರುಚಿ ಇಲ್ಲ," ಎಂದರು ಅಜ್ಜ.

"ಏನು?"

"ಹೋದ ವರ್ಷ ಒಂದು ಬಂದಿತ್ತು ಮಗಳೇ. ಹೆಜ್ಜೆ ನೋಡಿದೆ. ಒಂದು ಹಣ್ಣು ಕಚ್ಚಿ, ಬೇಲಿ ಹತ್ತಿರ ಉಗುಳಿ, ಹಳ್ಳಕ್ಕಿಳಿದು ಬಾಯಿ ತೊಳ್ಕೊಂಡು ಹೋಗಿತ್ತು. ಅದರ ತಾಯೀನೂ ಹಿಂದೆ ಹಾಗೇ ಮಾಡಿತ್ತು. ಈಗ ಮೂರು ಬೆಟ್ಟದ ಕರಡಿಗಳಿಗೂ ಗೊತ್ತು."

ನಾನು ಬೀದಿಯ ಕಡೆ ತಿರುಗಿದೆ, ಯಾರಾದರೂ ನನ್ನ ಪರ ಒಂದು ಮಾತಾಡಲಿ ಎಂದು. ಇಪ್ಪತ್ತು ಮನೆಯವರು ಒಟ್ಟಿಗೆ ಆಕಾಶ ನೋಡಿದರು. ಫುಸಾಯೋ ಬಟ್ಟಲಿನಲ್ಲಿ ಇಲ್ಲದ ಟೀ ಕುಡಿದಳು. ಯಜಮಾನರ ಕಡೆ ನೋಡಿದೆ. ಅವರು ಕೊಟ್ಟಿಗೆಯ ಒಳಕ್ಕೇ ಹೋದರು.

ಅಸಾರಿಯವರು ನಿಧಾನವಾಗಿ, ಸುಂದರವಾದ ಅಕ್ಷರಗಳಲ್ಲಿ ಬರೆದರು: 'ಕಾರಣ: ಹಣ್ಣು ಕರಡಿಯೂ ತಿನ್ನಲಾಗದಂಥದ್ದು. ಮಾಲೀಕರಿಗೆ ಸಮ್ಮತ.' ಹಾಳೆ ನನ್ನ ಮುಂದೆ ಹಿಡಿದರು. ಈ ಸಲ ನಾನು ಪೂರ್ತಿ ಓದಿದೆ. ಎರಡು ಸಲ ಓದಿದೆ. ಗರಗಸ ನೋಡಿದೆ. ಮರ ನೋಡಿದೆ. ಅಮ್ಮಾ, ಕ್ಷಮಿಸು ಎಂದು ಮುದ್ರೆ ಒತ್ತಿದೆ.

ಮರ ಉಳಿಯಿತು. ನೆತ್ತಿಯ ಹಣ್ಣೂ ಉಳಿಯಿತು. ಗರಗಸದವನು ಗರಗಸ ಕಟ್ಟಿಕೊಂಡ, ಜನ ಗುಸುಗುಸು ಮಾಡುತ್ತ ಚದುರಿದರು. ಶಿಕಾಜೋ ಅಜ್ಜ ತಮ್ಮ ಮುಳ್ಳುಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ನನಗೆ ತಡೆಯಲಾಗಲಿಲ್ಲ. ಬೇಲಿಯ ತನಕ ಹಿಂದೆ ಹೋದೆ.

"ಅಜ್ಜ, ಒಂದು ನಿಜ ಹೇಳಿ. ಪ್ರತಿ ಡಿಸೆಂಬರಿನಲ್ಲಿ ನಿಮ್ಮನೆಗೆ ಎರಡು ಸರ ಒಣಗಿದ ಹಣ್ಣು ಕಳಿಸ್ತೀನಲ್ಲ? ನೀವೂ ತುಂಬ ಉಪಕಾರ ಆಯ್ತು ಅಂತ ಹೇಳಿ ಕಳಿಸ್ತೀರಲ್ಲ? ಹಾಗಾದ್ರೆ ಅದನ್ನೆಲ್ಲ ಏನು ಮಾಡ್ತಿದ್ರಿ?"

ಅಜ್ಜ ನಿಂತರು. ನನ್ನ ಕೈ ಹಿಡಿದು ಮೆಲ್ಲಗೆ ತಟ್ಟಿದರು.

"ಉಪಕಾರ ಆಗಿದ್ದು ಸುಳ್ಳಲ್ಲ ಮಗಳೇ. ನನ್ನ ಜೇನುಪೆಟ್ಟಿಗೆಗಳ ಸುತ್ತ ಕಟ್ತೀನಿ. ಹನ್ನೊಂದು ವರ್ಷ ಆಯ್ತು, ಒಂದೇ ಒಂದು ಕರಡಿ ಆ ಕಡೆ ಸುಳಿದಿಲ್ಲ."